ಏಳನೇ ಕೋಟೆಯ ಇಪ್ಪತ್ತು ನಿಮಿಷ

ಅಕ್ಕನ ಕೆಲಸವೇ ಸೆಕೆಂಡು ಎಣಿಸುವುದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವವರ ಬೆನ್ನ ಹಿಂದೆ ನಿಂತು, ಒಂದು ಜೇಬಿಗೆ ಎಷ್ಟು ಹೊತ್ತು, ಒಂದು ಕಾಲರಿಗೆ ಎಷ್ಟು ಹೊತ್ತು ಎಂದು ಸ್ಟಾಪ್‌ವಾಚ್ ಒತ್ತಿ ಬರೆದುಕೊಳ್ಳುತ್ತಾಳೆ. ಅವಳನ್ನು ಕಂಡರೆ ಅಲ್ಲಿ ಯಾರಿಗೂ ಆಗುವುದಿಲ್ಲ. ಅದು ಅವಳಿಗೂ ಗೊತ್ತು, ಹಾಗೆಂದು ಕೆಲಸ ಬಿಡಲಾಗುತ್ತದೆಯೇ?

ತಮ್ಮ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಾನೆ. ಮನೆಮಂದಿಯೆಲ್ಲ ಅವನನ್ನು ಆಮೆ ಎಂದೇ ಕರೆಯುವುದು. ಮದುವೆಯಾಗಿ ಬಂದ ಹೆಂಡತಿಗೂ ಅದೇ ರೂಢಿಯಾಗಿ ಹೋಗಿದೆ. ಆ ಹೆಸರು ಇಟ್ಟ ಪುಣ್ಯಾತ್ಗಿತ್ತಿ ಅಕ್ಕನೇ.

ಭಾನುವಾರ ಬೆಳಿಗ್ಗೆ ತಮ್ಮನ ಫೋನು ಬಂತು. "ಅಕ್ಕ, ಅಟ್ಟದ ಮೇಲಿದ್ದ ನಮ್ಮ ಕಂಪ್ಯೂಟರ್ ಎದ್ದು ಕೂತಿದೆ. ಕೋಟೆ ಆಟಾನೂ ಓಡ್ತಿದೆ. ಬರ್ತೀಯಾ?"

ಅರ್ಧ ಗಂಟೆಯಲ್ಲಿ ಅಕ್ಕ ಅಲ್ಲಿದ್ದಳು, ಕೈಯಲ್ಲಿ ಸ್ಟಾಪ್‌ವಾಚ್ ಸಮೇತ. ಇಪ್ಪತ್ತೆಂಟು ವರ್ಷದಿಂದ ಒಂದು ಪ್ರಶ್ನೆ ಅವಳ ತಲೆ ತಿನ್ನುತ್ತಿತ್ತು. ಆಟದಲ್ಲಿ ಅವರು ದಾಟಲಾಗದೆ ನಿಂತಿದ್ದ ಆ ಏಳನೇ ಕೋಟೆ ಗೆಲ್ಲುವಂಥದ್ದೇ ಆಗಿತ್ತೇ? ಗೆಲ್ಲಬಹುದಾಗಿದ್ದರೆ ಅದನ್ನು ಕೆಡಿಸಿದ್ದು ಈ ಆಮೆ. ಇಲ್ಲದಿದ್ದರೆ ಅವನನ್ನು ಇಷ್ಟು ವರ್ಷ ಆಡಿಕೊಂಡಿದ್ದು ಸುಮ್ಮಸುಮ್ಮನೆ.

ಆಟ ಸರಳವಾಗಿತ್ತು. ನದಿಯ ಈಚೆ ಕೋಟೆ, ಆಚೆ ಶತ್ರು, ನಡುವೆ ಮರದ ಸೇತುವೆ. ಇಪ್ಪತ್ತು ನಿಮಿಷದೊಳಗೆ ಗೋಡೆಗೆ ಕಲ್ಲು ಹೊರಬೇಕು, ಹನ್ನೆರಡು ಮನೆಯವರನ್ನು ಒಳಗೆ ತರಬೇಕು. ಎಲ್ಲದಕ್ಕೂ ಇರುವುದು ಒಂದೇ ಗಾಡಿ. ಗಡಿಯಾರ ಸೊನ್ನೆಗೆ ಬಂದರೆ ತೆರೆ ಕೆಂಪಾಗಿ ಕಹಳೆ ಊದುತ್ತಿತ್ತು. ತಕ್ಷಣ ಅಕ್ಕ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದಳು. ತನ್ನ ಕೋಟೆಯನ್ನು ಕಂಡವರು ಕೊಳ್ಳೆ ಹೊಡೆಯುವುದನ್ನು ಕೂತು ನೋಡಲು ಅವಳೇನು ಕೈಲಾಗದವಳೇ!

ತಮ್ಮನ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಡಬ್ಬಿಯ ಮುಚ್ಚಳಗಳಲ್ಲಿ ಸ್ಕ್ರೂಗಳು, ಬೆಸುಗೆಯ ವಾಸನೆ. ಅಕ್ಕ ಮೌಸ್ ಹಿಡಿದಳು. ಆಡಲಿಲ್ಲ, ಅಳೆದಳು. ಒಂದು ಗಾಡಿ ಕಲ್ಲಿಗೆ ಹದಿನಾಲ್ಕು ಸೆಕೆಂಡು, ಬೇಕಾದದ್ದು ಅರವತ್ತು ಗಾಡಿ. ಒಂದು ಮನೆಯವರಿಗೆ ನಲವತ್ತೈದು ಸೆಕೆಂಡು. ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಕೂಡಿಸಿ ನೋಡಿ ಅವಳ ಕಣ್ಣು ಅರಳಿತು.

"ಇಪ್ಪತ್ಮೂರು ನಿಮಿಷ ಕಣೋ! ಇಪ್ಪತ್ತರಲ್ಲಿ ಆಗೋ ಕೆಲಸಾನೇ ಅಲ್ಲ ಇದು!"

"ಹಂಗಾದ್ರೆ ಮಾಡಿದವ್ರು ಯಾಕೆ ಹಾಗೆ ಮಾಡಿದ್ರು?" ತಮ್ಮ ತಲೆ ಕೆರೆದುಕೊಂಡ.

ಅದೂ ಸರಿಯೇ. ಗೆಲ್ಲಲಾಗದ ಆಟವನ್ನು ಯಾರಾದರೂ ಕಷ್ಟಪಟ್ಟು ಮಾಡುತ್ತಾರೆಯೇ? ಅಕ್ಕ ಉಳಿಸಿಟ್ಟ ಆಟಗಳ ಪಟ್ಟಿ ತೆರೆದಳು. ಹನ್ನೊಂದು ಅವಳ ಹೆಸರಿನಲ್ಲಿದ್ದವು. ಕೊನೆಯದೊಂದು ತಮ್ಮನದು.

ಅದನ್ನು ನೋಡಿದ್ದೇ ಆ ದಿನ ನೆನಪಿಗೆ ಬಂತು. ಅಂಗಲಾಚಿ ಅಂಗಲಾಚಿ ತಮ್ಮ ಒಂದು ಸಲ ಮೌಸ್ ಪಡೆದಿದ್ದ. ಗೋಡೆ ಅರ್ಧಕ್ಕೆ ಬಿಟ್ಟು, ಗಾಡಿ ತೆಗೆದುಕೊಂಡು ಹೋಗಿ ಸೇತುವೆಯ ಹಲಗೆಗಳನ್ನು ಒಂದೊಂದಾಗಿ ಕೀಳುತ್ತ ಕೂತಿದ್ದ. ಕೊನೆಯ ಮನೆಯ, ಹಸು ಹಿಡಿದ ಅಜ್ಜಿ ಇನ್ನೂ ನದಿಯ ಈಚೆ ದಾರಿಯಲ್ಲೇ ಇದ್ದಳು. ಕಹಳೆ ಊದಿತು. ಅಕ್ಕ ಸ್ವಿಚ್ ಆರಿಸಿ, ಅವನ ತಲೆಗೊಂದು ಮೊಟಕಿ, "ಆಮೆ!" ಎಂದಿದ್ದಳು. ಆಮೇಲೆ ಅವನು ಮೌಸ್ ಮುಟ್ಟಲಿಲ್ಲ.

"ತೆಗಿ ಇದನ್ನ," ಎಂದು ಅಕ್ಕ ಮೌಸನ್ನು ಅವನ ಕಡೆ ತಳ್ಳಿದಳು.

ಅವನು ಆಟ ಉಳಿಸಿಟ್ಟಿದ್ದ ಹೊತ್ತಿಗೆ ಗಡಿಯಾರದಲ್ಲಿ ಒಂದೂವರೆ ನಿಮಿಷ ಉಳಿದಿತ್ತು. ಸೇತುವೆಯಲ್ಲಿ ನಾಲ್ಕು ಹಲಗೆ ಬಾಕಿ. ತಮ್ಮ ಗಡಿಬಿಡಿ ಮಾಡಲಿಲ್ಲ, ಅದು ಅವನ ಜಾಯಮಾನವೇ ಅಲ್ಲ. ಕೊನೆಯ ಹಲಗೆ ಎದ್ದಿತು. ಗಾಡಿ ಅಜ್ಜಿಯ ಕಡೆ ತಿರುಗಿತು. ಅಷ್ಟರಲ್ಲಿ ತೆರೆ ಕೆಂಪಾಯಿತು, ಕಹಳೆ ಊದಿತು. ಅಕ್ಕನ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿನ ಕಡೆ ಹೋಯಿತು.

"ಇನ್ನೂ ಇದೆ ಅಕ್ಕ," ಎಂದ ತಮ್ಮ.

ಅವಳು ಕೈಯನ್ನು ಹಿಂದಕ್ಕೆ ತಂದು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಕೆಂಪು ತಿಳಿಯಾಯಿತು. ಆಚೆ ದಡಕ್ಕೆ ಕುದುರೆ ಸವಾರರು ಬಂದರು. ಬಂದವರು ಸೇತುವೆಯಿಲ್ಲದೆ ಅಲ್ಲೇ ನಿಂತರು. ಕುದುರೆಗಳು ಸುಮ್ಮನೆ ಬಾಲ ಅಲ್ಲಾಡಿಸುತ್ತಿದ್ದವು. ಆ ಇಪ್ಪತ್ತು ನಿಮಿಷ ಶತ್ರು ನದಿ ತಲುಪುವವರೆಗಿನದಷ್ಟೇ! ಅಜ್ಜಿ ಗಾಡಿ ಹತ್ತಿದಳು, ಹಸು ಹಿಂದೆ ಬಂತು. ಉಳಿದ ಕಲ್ಲನ್ನೂ ಹೊತ್ತು ಗೋಡೆ ಮುಗಿಯಿತು. ಕೋಟೆಯ ಬಾಗಿಲು ಮುಚ್ಚಿ ನಗಾರಿ ಮೊಳಗಿತು. ಗೆದ್ದಿದ್ದರು.

ಅಕ್ಕನಿಗೆ ಚಪ್ಪಾಳೆ ತಟ್ಟಬೇಕೆನಿಸಿತು, ಕೈ ಏಳಲಿಲ್ಲ.

"ಆವತ್ತೂ ಹೀಗೇ ಅಂದಿದ್ಯಾ? ಇನ್ನೂ ಇದೆ ಅಂತ?"

"ಅಂದಿದ್ದೆ. ಅಷ್ಟ್ರಲ್ಲಿ ನೀನು ಸ್ವಿಚ್ ಆರಿಸಿದ್ದೆ."

"ಆಮೇಲಾದ್ರೂ ಹೇಳಬಾರದಾಗಿತ್ತೇನೋ?"

"ಖಾತ್ರಿ ಎಲ್ಲಿತ್ತು ನಂಗೆ? ಸುಮ್ನೆ ಅಂದ್ಕೊಂಡಿದ್ದೆ ಅಷ್ಟೇ. ಈಗ ಗೊತ್ತಾಯ್ತು ನೋಡು," ಎಂದು ನಕ್ಕ. ಆ ನಗುವಿನಲ್ಲಿ ಎಳ್ಳಷ್ಟೂ ಮುನಿಸಿರಲಿಲ್ಲ.

ಒಳಗಿನಿಂದ ತಮ್ಮನ ಹೆಂಡತಿ ಕೂಗಿದಳು. "ಆಮೆರಾಯ್ರೇ, ಟೀ ಆರ್ತಿದೆ!"

"ಅವನನ್ನ ಹಾಗೆ ಕರೀಬೇಡಮ್ಮ," ಎಂದಳು ಅಕ್ಕ.

ತಮ್ಮನ ಹೆಂಡತಿ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದಳು. "ಅಯ್ಯೋ, ಹೆಸರಿಟ್ಟೋರು ನೀವೇ ಅಲ್ವಾ ಅಕ್ಕ?"

"ನಾನೇ. ಅಳೆಯೋದ್ರಲ್ಲಿ ತಪ್ಪಾಗಿತ್ತು."

ತೆರೆಯ ಮೇಲೆ, ಇಬ್ಬರೂ ಎಂದೂ ಕಂಡಿರದ ಎಂಟನೇ ಕೋಟೆ ಬಂದಿತ್ತು. ಅದರ ಗಡಿಯಾರ ಆಗಲೇ ಓಡತೊಡಗಿತ್ತು. ಅಕ್ಕ ಸ್ಟಾಪ್‌ವಾಚನ್ನು ಸ್ಕ್ರೂಗಳ ಪಕ್ಕದಲ್ಲಿಟ್ಟು, ತಮ್ಮನ ಜೊತೆ ಟೀ ಕುಡಿಯಲು ಎದ್ದಳು.