ಸಾಹೇಬರ ದನಿಯ ಸಾಕ್ಷಿ

ನಕ್ಷೆ ಕಚೇರಿಯ ಕಂಪ್ಯೂಟರ್ ರಿಪೇರಿಯವನನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ಅವನ ಗಂಟಲಿನಿಂದಲೇ ಬರುತ್ತಿತ್ತು. ಮ್ಯಾನೇಜರರನ್ನಂತೂ ಕೆಮ್ಮಿನ ಸಮೇತ ಇಳಿಸಿಬಿಡುತ್ತಿದ್ದ.

ಇವತ್ತು ಆ ಆಟ ನಡೆಯುವಂತಿರಲಿಲ್ಲ. ಮೇಲಿನ ಕಚೇರಿಯಿಂದ ತನಿಖೆಗೆ ಮೇಡಂ ಬಂದಿದ್ದರು. ನೌಕರಿ ಉಳಿಯುತ್ತದೋ ಹೋಗುತ್ತದೋ ಮಧ್ಯಾಹ್ನದೊಳಗೆ ತೀರ್ಮಾನ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ.

ಅಪರಾಧ ಇಷ್ಟು: ಕಚೇರಿಯ ನಲವತ್ತು ಕಂಪ್ಯೂಟರುಗಳಿಗೂ ಒಂದು ಪ್ರೋಗ್ರಾಂ ಹಾಕಿದ್ದ. ಯಾರೂ ಮುಟ್ಟದೆ ಮಿಷನ್ನು ಸುಮ್ಮನೆ ಕೂತಾಗ, ಎಲ್ಲಿಂದಲೋ ವಿಜ್ಞಾನಿಗಳು ಕಳಿಸಿದ ಲೆಕ್ಕವನ್ನು ಅದು ಬಿಡಿಸಿ ವಾಪಸು ಕಳಿಸುತ್ತಿತ್ತು. ಸ್ನಾಯು ಸೊರಗುವ ಕಾಯಿಲೆಗೆ ಮದ್ದು ಹುಡುಕುವ ಲೆಕ್ಕ. ಅವನ ಅಕ್ಕನಿಗೆ ಅದೇ ಕಾಯಿಲೆ. ಈಗ ಚಮಚ ಎತ್ತುವುದಕ್ಕೂ ಎರಡು ಕೈ ಬೇಕು. ಕಚೇರಿಯಲ್ಲಿ ಜನ ತಾವು ಬ್ಯುಸಿ ಅನ್ನುತ್ತಿದ್ದರು, ನಿಜವಾಗಿ ಬಿಸಿಯಾಗಿದ್ದವು ಮಿಷನ್ನುಗಳು ಮಾತ್ರ.

"ಯಾರನ್ನ ಕೇಳಿ ಹಾಕಿದ್ರಿ?" ಮೇಡಂ ಕೇಳಿದರು.

"ಮ್ಯಾನೇಜರ್ ಸಾರ್‌ನ ಕೇಳಿದ್ದೆ ಮೇಡಂ. ಮೆಟ್ಟಿಲ ಮೇಲೆ."

"ಮೆಟ್ಟಿಲ ಮೇಲೆ! ಕಾಗದ?"

"ಬೇಡ ಅಂದ್ರು."

ಮ್ಯಾನೇಜರರು ಕಿಟಕಿಯಾಚೆ ನೋಡಿದರು. "ನಂಗೆ ನೆನಪೇ ಇಲ್ಲ ಮೇಡಂ."

"ಏನಂದ್ರು? ಅವರ ಮಾತಲ್ಲೇ ಹೇಳಿ. ಒಂದಕ್ಷರ ಬಿಡಬೇಡಿ."

ಗಿಳಿ ಕಣ್ಣು ಮುಚ್ಚಿಕೊಂಡ. ಆ ಮಾತು ಅವನೊಳಗೆ ಹಾಗೇ ಇತ್ತು. ಬಾಯಿ ತೆರೆದರೆ ಬೇರೆ ಹೇಗೂ ಬರಲಿಲ್ಲ. "ಹ್ಞೂಂ... ಉಹ್ಹು, ಉಹ್ಹು... ಒಳ್ಳೇ ಕೆಲಸ ಕಣಯ್ಯಾ! ಕಾಗದ-ಗೀಗದ ಅಂತ ತಲೆ ತಿನ್ಬೇಡ. ನಡೀಲಿ, ನಡೀಲಿ!"

ಬಾಗಿಲಲ್ಲಿ ನಿಂತಿದ್ದ ಟೈಪಿಸ್ಟಕ್ಕ ಕಿಸಕ್ಕನೆ ನಕ್ಕಳು. ಅವಳ ಹಿಂದಿದ್ದವರು ಗೊಳ್ಳೆಂದರು. ಮೇಡಂ ಕೂಡ ತುಟಿ ಕಚ್ಚಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮ್ಯಾನೇಜರರು.

"ನೋಡಿದ್ರಾ ಮೇಡಂ? ಇವನ ಕಸುಬೇ ಇದು. ಹೋದ್ವಾರ ನನ್ನ ದನೀಲಿ ಎಲ್ಲರಿಗೂ ರಜಾ ಕೊಟ್ಟಿದ್ದ. ಅದನ್ನೂ ನಾನೇ ಕೊಟ್ಟೆ ಅಂತೀರಾ?"

"ಇದು ಮಿಮಿಕ್ರಿ ಅಲ್ಲ ಸಾರ್," ಎಂದ ಗಿಳಿ, ತನ್ನದೇ ದನಿಯಲ್ಲಿ. ಆ ದನಿಯನ್ನು ಅಲ್ಲಿ ಯಾರೂ ಹೆಚ್ಚು ಕೇಳಿರಲಿಲ್ಲ. ಇದು ಯಾರ ಅಣಕವಿರಬಹುದೆಂದು ಊಹಿಸುತ್ತಾ ಎಲ್ಲರೂ ಮತ್ತೂ ನಕ್ಕರು.

ಮೇಡಂ ಬರೆದುಕೊಂಡರು: ಅನುಮತಿ ಇಲ್ಲ. ಕೆಲಸ ಇವತ್ತಿಗೆ ಮುಗಿಯಿತು. ಹೋಗುವ ಮುಂಚೆ ಎಲ್ಲ ಮಿಷನ್ನುಗಳಿಂದಲೂ ಅದನ್ನು ತೆಗೆಯಬೇಕು.

ಒಂದೊಂದಾಗಿ ತೆಗೆದ. ಟೈಪಿಸ್ಟಕ್ಕ ಕುರ್ಚಿ ಸರಿಸಿ ಜಾಗ ಬಿಟ್ಟಳು. "ಬೇಜಾರು ಮಾಡ್ಕೋಬೇಡ್ವೋ. ನೀನು ಹಂಗೆ ಕೆಮ್ಮಿದ್ರೆ ನಗು ತಡಿಯೋದು ಹೆಂಗೆ, ನೀನೇ ಹೇಳು."

ಕೊನೆಯದು ಮ್ಯಾನೇಜರರ ಮೇಜಿನದು. ಪರದೆಯಲ್ಲಿ ಶೇಕಡಾ ತೊಂಬತ್ತೊಂಬತ್ತು ಎಂದಿತ್ತು.

"ಸಾರ್, ಇನ್ನು ಹತ್ತೇ ನಿಮಿಷ. ಮೂರು ದಿನದ ಲೆಕ್ಕ, ಮುಗಿದುಹೋಗುತ್ತೆ."

ಮ್ಯಾನೇಜರರು ಎದ್ದು ಬಾಗಿಲು ಮುಚ್ಚಿದರು. ದನಿ ಮೆತ್ತಗಾಯಿತು. "ನಿಮ್ಮಕ್ಕ ಹೇಗಿದಾರಪ್ಪಾ ಈಗ?"

ಗಿಳಿಯ ಕೈ ಮೌಸಿನ ಮೇಲೇ ನಿಂತಿತು. ಕರುಣೆ ಬೇಡಿದಂತಾದೀತೆಂದು ಅಕ್ಕನ ವಿಷಯವನ್ನು ಅವನು ಮೇಡಂ ಮುಂದೆಯೂ ಎತ್ತಿರಲಿಲ್ಲ. ಈ ಕಚೇರಿಯಲ್ಲಿ ಅದನ್ನು ಹೇಳಿದ್ದು ಒಂದೇ ಸಲ, ಒಬ್ಬರಿಗೇ, ಆ ಮೆಟ್ಟಿಲ ಮೇಲೆ.

"ಮೇಡಂ ಇನ್ನೂ ಕೆಳಗೇ ಇದಾರೆ," ಎಂದರು ಮ್ಯಾನೇಜರರು, ಅವನ ಮುಖ ನೋಡದೆ. "ತೆಗ್ದುಬಿಡಪ್ಪಾ."

ತೆಗೆದ.