ಮೈಕಿನಲ್ಲಿ ಕೂಗಿದ ಬೋರಮಾಳ

ಬಸ್ಸು ನಿಲಂಗಾ ಸ್ಟ್ಯಾಂಡಿನಲ್ಲಿ ನಿಂತಾಗ ಮನೀಷಾಳ ಕೊರಳಲ್ಲಿ ಬಂಗಾರದ ಗುಂಡುಗಳ ಬೋರಮಾಳ ಸರ ಇರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವಳು ಉದಗೀರದ ಗಂಡನ ಮನೆಯಿಂದ ಅತ್ತೆ ಚಂಪಾಬಾಯಿಯ ಜೊತೆ ಉಮರಗಾಕ್ಕೆ, ನಮ್ಮ ಮನೆಗೆ ಬರುತ್ತಿದ್ದಳು. ಆ ಬಸ್ಸಿನಲ್ಲಿ ಎಷ್ಟು ಜನ ಇದ್ದರೆಂದರೆ, ಡ್ರೈವರನೂ ನಿಂತುಕೊಂಡೇ ಓಡಿಸುತ್ತಿದ್ದ. ಅಂಥದರಲ್ಲಿ ಕಳ್ಳ ಕೈ ಹಾಕಿದ, ಸರ ಬಿಚ್ಚಿದ, ಇಳಿದು ಹೋದ. ಟಿಕೆಟನ್ನೂ ತೆಗೆಸಿರಲಿಕ್ಕಿಲ್ಲ.

ನಾನು ಶಾಂತವೀರಪ್ಪ. ಉಮರಗಾದಲ್ಲಿ ನನ್ನದು ಬಟ್ಟೆ ಅಂಗಡಿ. ಮನೀಷಾ ನನ್ನ ತಂಗಿಯ ಮಗಳು, ನಮ್ಮ ಮನೆಯಲ್ಲೇ ಬೆಳೆದವಳು. ಆದರೆ ಆ ಸರ ನನ್ನ ಹೆಂಡತಿ ಕುಸುಮಬಾಯಿಯದು, ಅವಳ ತಾಯಿ ಹಾಕಿಕೊಳ್ಳುತ್ತಿದ್ದದ್ದು. ಸಾಸ್ತೂರಿನಲ್ಲಿ ಭೂಕಂಪವಾದಾಗ ತವರಿನ ಕಲ್ಲುಮಣ್ಣಿನಡಿಯಿಂದ ಅವಳ ಕೈಗೆ ಬಂದದ್ದು ಅದೊಂದೇ. ಅಂದಿನಿಂದ ಕುಸುಮ ಗೋಡೆ, ಕಪಾಟು ಯಾವುದನ್ನೂ ನಂಬಲಿಲ್ಲ. ನೀರಿಗೆ ಹೋದರೂ ಸರ ಕೊರಳಲ್ಲೇ. ಅದನ್ನು ನೋಡಿದ ವಿಮೆ ಏಜೆಂಟ, ಮನೆಯ ಹೊರಗೆ ಕಳುವಾದರೂ ಹಣ ಬರುವಂಥ ವಿಮೆ ಮಾಡಿಸಿಕೊಟ್ಟ. ಸಂಬಂಧಿಕರು ಯಾರೇ ಹಾಕಿಕೊಂಡಿರಲಿ, ಒಡವೆ ನಿಮ್ಮದಾಗಿದ್ದರೆ ಸಾಕು ಎಂದಿದ್ದ.

ಹಂದರದಲ್ಲಿ ಮದುಮಗಳು ಬರಿಗೊರಳಲ್ಲಿ ಕೂಡಬಾರದೆಂದು ಕುಸುಮ ಸರವನ್ನು ಎರವಲು ಕೊಟ್ಟಿದ್ದಳು. ಮೊದಲ ಸಲ ತವರಿಗೆ ಬಂದಾಗ ವಾಪಸು ಕೊಡುವುದೆಂದು ಮಾತು. ಕೆಡಿಸಿದವನು ಮೈಕಿನ ದತ್ತಾತ್ರಿ. ನಮ್ಮ ಕಡೆ ಯಾರು ಏನು ಉಡುಗೊರೆ ತಂದರೆಂದು ಮೈಕಿನಲ್ಲಿ ಕೂಗುತ್ತಾರೆ, ಆ ಉಡುಗೊರೆಗೆ ಆಹೇರ ಅನ್ನುತ್ತಾರೆ. ದತ್ತಾತ್ರಿಯ ದನಿಗೆ ಮಾಕಣಿ ಅಣೆಕಟ್ಟಿನ ನೀರು ಎದ್ದು ಕೂಡುತ್ತದೆ. ಅವನು ಹುಡುಗಿಯ ಕೊರಳು ನೋಡಿದ, ನನ್ನ ಮುಖ ನೋಡಿದ, ಕೂಗಿಯೇ ಬಿಟ್ಟ: “ಸೋದರಮಾವ ಶಾಂತವೀರಪ್ಪನವರ ಕಡಿಂದ ಬಂಗಾರದ ಬೋರಮಾಳ ಆಹೇರ!”

ಬಾಜಾ ಮೊಳಗಿತು. ಗಂಡಿನವರು ನನ್ನ ತಲೆಗೆ ಪಟಕಾ ಸುತ್ತಿದರು. ಪಟಕಾ ಸುತ್ತಿಸಿಕೊಂಡ ತಲೆಯನ್ನು ಇಲ್ಲವೆಂದು ಅಲ್ಲಾಡಿಸುವುದು ಬಹಳ ಕಷ್ಟ.

ಕಳುವಾದ ಮೇಲೆ ಕುಸುಮ ಕೂತದ್ದನ್ನು ನಾನು ಕಾಣೆ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ. ಅವಳು ನಡೆದ ನಡಿಗೆಗೆ ಪಂಢರಪುರ ಮುಟ್ಟಿ ಬರಬಹುದಿತ್ತು. “ವಿಮಾ ರೊಕ್ಕ ಬಂದ್ರ ಅವ್ವನ ಸರದಂಗೇ ಮಾಡಸ್ತೀನ್ರಿ, ಗುಂಡಿಗಿ ಗುಂಡು” ಎಂದು ಒಂದೇ ಜಪ.

ವಿಮೆಯ ಸಾಹೇಬ ವಿಚಾರಣೆಗೆ ಬಂದ ದಿನ ಮನೀಷಾಳೂ ಚಂಪಾಬಾಯಿಯೂ ಸಾಕ್ಷಿ ಹೇಳಲು ಬಂದು ಕೂತಿದ್ದರು. ಸಾಹೇಬನ ತಾಯಿ ಗಡಿಯ ಔರಾದ ಶಹಾಜನಿಯವಳಂತೆ, ಅವನ ಕನ್ನಡ ಚೆನ್ನಾಗಿತ್ತು. ಸರ ಇತ್ತೆಂದು ತೋರಿಸಲು ನಾನೇ ಜಂಬದಿಂದ ಮದುವೆಯ ಕ್ಯಾಸೆಟ್ಟನ್ನು ಅವನಿಗೆ ಕಳಿಸಿದ್ದೆ.

“ಕ್ಯಾಸೆಟ್ ನೋಡೀನ್ರಿ ಕುಸುಮಬಾಯಿ” ಎಂದ ಸಾಹೇಬ. “ಮೈಕಿನ್ಯಾಗ ಆಹೇರ ಅಂದಾರ. ಆಹೇರ ಮಾಡಿದ್ರ ಸರ ಪೋರಿದು ಆಯ್ತು, ನಿಮ್ಮ ವಿಮಾ ನಡೆಂಗಿಲ್ಲ. ಎರವಲು ಕೊಟ್ಟಿದ್ರ ನಡೀತದ. ಯಾವದು ಖರೆ, ನೀವೇ ಹೇಳ್ರಿ.”

ಎರವಲು ಎಂದರೆ ಸರದ ಹಣ ಬರುತ್ತದೆ. ಆದರೆ ಹೊಸ ಸೊಸೆ ಮಂದಿಯ ಬಂಗಾರ ಹಾಕಿಕೊಂಡು ಬಂದಳೆಂದು ಅತ್ತೆಯ ಎದುರಿಗೇ ಸಾರಿದಂತೆ. ಮನೀಷಾ ತಲೆ ತಗ್ಗಿಸಿದಳು.

ನಾನು ಬಾಯಿ ಹಾಕಿದೆ. “ಸಾಹೇಬ್ರ, ಆ ಸರದ ಕಥಿನೇ ಬ್ಯಾರೆ ಅದ. ನಿಜಾಮನ ಆನಿ ಒಮ್ಮೆ ಸಾಸ್ತೂರಿಗಿ...”

“ಸುಮ್ಮ ಕೂಡ್ರಿ” ಎಂದಳು ಕುಸುಮ. “ನಿಮ್ಮ ಆನಿ ಸಾಸ್ತೂರ ಮುಟ್ಟೂದ್ರಾಗ ಆ ಕಳ್ಳ ಮುದುಕ ಆಗ್ತಾನ.” ಮನೀಷಾಳ ಕಡೆ ನೋಡಿದಳು. ಸೆರಗಿನ ತುದಿ ಹಿಂಡಿದಳು. “ಆಹೇರ ಮಾಡೀನ್ರಿ. ಪೋರಿದೇ ಅದು.”

“ಮಾಮಿ!” ಎಂದಳು ಮನೀಷಾ.

ಸಾಹೇಬ ಪೆನ್ನು ಕಿಸೆಗೆ ಸಿಕ್ಕಿಸಿದ.

“ಪೆನ್ನ ತಗೀರಿ ಸಾಹೇಬ್ರ” ಎಂದಳು ಚಂಪಾಬಾಯಿ. “ಈ ಪೋರಿ ನಮ್ಮ ಮನ್ಯಾಗ ಜಳಕಕ್ಕ ಹೋಗೂ ಮುಂದ ಆ ಸರ ಅರಿವ್ಯಾಗ ಸುತ್ತಿ ದೇವರ ಜಗಲಿ ಮ್ಯಾಲ ಇಟ್ಟು, ನನಗ ‘ಅತ್ತಿ, ಲಕ್ಷ್ಯ ಇಡ್ರಿ’ ಅಂತಿದ್ಳು. ತನ್ನ ಬಂಗಾರಕ್ಕ ಯಾರರ ಇಷ್ಟು ಅಂಜತಾರೇನು? ನನಗ ಆವಾಗೇ ತಿಳದದ, ಎರವಲದು ಅಂತ.”

“ಮತ್ತ ಮೈಕಿನ್ಯಾಗ?”

“ಅದೇ ದತ್ತಾತ್ರಿ ನನ್ನ ಮಗನಿಗಿ ದಾಲ್ ಮಿಲ್ ಮಾಲಕ ಅಂತ ಕೂಗ್ಯಾನ! ಅಂವಾ ಅಲ್ಲಿ ಚೀಲ ತೂಗತಾನ. ನಾ ಎದ್ದು ಇಲ್ಲ ಅಂದೆನೇನು? ಛಂದ ಕೇಳಸ್ತದಂತ ಕೂತಿದ್ದೆ.”

ಮಾಲಕ ಅಲ್ಲ ಎಂಬುದು ನಮಗೂ ಹೊಸ ಸುದ್ದಿ. ಮನೀಷಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ, ನಗುತ್ತಿದ್ದಳು.

“ಈಗೇನು ಮಾಡೂದ್ರಿ ವೈನಿ?” ಎಂದಳು ಕುಸುಮ.

“ಖರೆ ಹೇಳೂದು” ಎಂದಳು ಚಂಪಾಬಾಯಿ.

ಕುಸುಮ ಹೇಳಿದಳು. ಸಾಹೇಬ ಬರೆದುಕೊಂಡ. ಆದರೆ ಕೂಗಿದವನೇ ತಪ್ಪಾಗಿದೆ ಎಂದು ಹೆಬ್ಬೆಟ್ಟು ಒತ್ತಬೇಕು, ಆಗ ಹಣ ಪಾಸಾಗುತ್ತದೆ ಎಂದ. ದತ್ತಾತ್ರಿ ಅಂದು ಮಾಕಣಿಯ ಮದುವೆಯಲ್ಲಿದ್ದ. ಸಾಹೇಬನ ಚಹಾ ಮುಗಿಯುವ ಮೊದಲೇ ಕುಸುಮ ಚಪ್ಪಲಿ ಮೆಟ್ಟಿ ನಿಂತಳು. ಎಲ್ಲರೂ ಬಸ್ಸು ಹತ್ತಿದೆವು.

ಮಾಕಣಿ ಇನ್ನೂ ಹರದಾರಿ ದೂರ ಇರುವಾಗಲೇ ದತ್ತಾತ್ರಿಯ ದನಿ ಕೇಳಿಸಿತು: “ಸೋದರಮಾವನ ಕಡಿಂದ ಬಂಗಾರದ ಪಾಟ್ಲಿ ಬಳಿ ಆಹೇರ!”

ಕುಸುಮ ಸೀಟು ಬಿಟ್ಟು ಎದ್ದಳು. “ಡ್ರೈವರಣ್ಣಾ, ಜಲ್ದಿ ಹೊಡಿಯಪ್ಪ! ಆ ಪಾಟ್ಲಿ ಯಾವ ಮಾಮಿದೋ ಏನೋ!”