ಪಕ್ಕೀರಮ್ಮನ ಪುದೀನ ಮಡಿ

"ಇನ್ನಷ್ಟು ಹಚ್ಚು," ಎಂದು ಮರುಳಸಿದ್ದಮ್ಮ ಭಂಡಾರದ ಚೀಲವನ್ನೇ ಮಗುಚಿದಳು. ಮೈಲಾರದಿಂದ ತಂದಿಟ್ಟಿದ್ದ ಅರಿಶಿನವೆಲ್ಲ ಪಕ್ಕೀರಮ್ಮನ ಎಡಪಕ್ಕೆಯ ಮೇಲೆ ಒದ್ದೆ ಮಣ್ಣಿನಂತೆ ಕೂತಿತು. ಅಡಿಯ ಕಪ್ಪು ಆದರೂ ಇಣುಕುತ್ತಿತ್ತು. "ಹಚ್ಚಲೇ, ಕೈಗೇನು ಲಕ್ವ ಹೊಡದೈತಾ?"

ಗೀತಾಂಜಲಿ ಹಚ್ಚಲಿಲ್ಲ. ತಂಬಿಗೆ ಹಿಡಿದು ನಿಂತಿದ್ದಳು. ಅವಳ ಅವ್ವ ಪಕ್ಕೀರಮ್ಮ ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಕಣ್ಣು ಅರ್ಧ ಮುಚ್ಚಿ ಮಲಗಿದ್ದಳು.

ಸತ್ತವರ ಮೈ ತೊಳೆಯುವುದು ಮನೆ ಮುಂದಿನ ಅಂಗಳದಲ್ಲಿ, ಹೆಂಗಸರು ಸುತ್ತಲೂ ಸೀರೆಯ ಮರೆ ಹಿಡಿದು. ಮದುವೆಯಾದವಳಾದರೆ ತವರಿನವರು ಬರುವ ತನಕ ನೀರು ಹಾಕುವಂತಿಲ್ಲ. ತವರಿನ ಸೀರೆ ಉಡಿಸಬೇಕು, ತವರಿನವರು "ಎತ್ರಿ" ಅನ್ನಬೇಕು, ಆಮೇಲೆಯೇ ಹೆಣ ಎತ್ತಬೇಕು. ಹರಪನಹಳ್ಳಿಯ ಆ ಓಣಿಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಮರುಳಸಿದ್ದಮ್ಮನಿಗೂ ಗೊತ್ತು. ಪಕ್ಕೀರಮ್ಮನ ಗಂಡ ಪಾಲಯ್ಯ ಅವಳ ಒಡಹುಟ್ಟಿದ ತಮ್ಮ; ಅವನ ಸಲುವಾಗಿ ಅವಳು ಯಾವುದನ್ನೂ ಕಾಯಲಿಲ್ಲ.

"ಅತ್ತಿ, ಮಾವ ಬರಲಿ. ಮಾಗಳದಿಂದ ಹೊಂಟಾನಂತ."

"ಬರ್ತಾನವ್ವ, ಬರ್ತಾನ. ಬಂದು ಇದನ್ನ ನೋಡಿದ್ರ ಇವತ್ತು ಎರಡು ಕುಣಿ ತೋಡಬೇಕಾಗತೈತಿ. ಒಂದು ನಿಮ್ಮವ್ವಗ, ಒಂದು ನಿಮ್ಮಪ್ಪಗ. ಬಚ್ಚಲದಾಗ ಜಾರಿ ಬಿದ್ಲು. ಅಷ್ಟ ಮಾತು. ಬಾಯಾಗ ಹಲ್ಲು ಇರಬೇಕಂದ್ರ ಅಷ್ಟ ಅನ್ನು."

ಹಲ್ಲಿನ ಮಾತನ್ನು ಬೆಳಿಗ್ಗೆ ಅಪ್ಪನೂ ಹೇಳಿದ್ದ. ಹೇಳಿ ಅವಳ ಮೊಬೈಲು ಕಿತ್ತುಕೊಂಡು ಜೇಬಿಗಿಳಿಸಿದ್ದ. ಗೀತಾಂಜಲಿಗೆ ಬೇಕಾಗಿದ್ದದ್ದು ಒಂದೇ. ಆ ಪಕ್ಕೆಯನ್ನು ಮಾವ, ಅವ್ವನ ಅಣ್ಣ, ಕಣ್ಣಾರೆ ನೋಡಬೇಕು, ಮಣ್ಣು ಬೀಳುವ ಮೊದಲು. ಮಣ್ಣು ಬಿದ್ದ ಮೇಲೆ ಯಾರು ಏನು ಅಂದರೂ ಅದು ಬರೀ ಮಾತು.

ಮೈ ತೊಳೆದ ಹಳದಿ ನೀರು ಕಾಲುವೆ ಹಿಡಿದು ಪುದೀನದ ಮಡಿಯ ಕಡೆ ಹೊರಟಿತು. ಹಿತ್ತಲ ಬಾಗಿಲಲ್ಲಿ ಪಾಲಯ್ಯ ಕಾಣಿಸಿಕೊಂಡ. ಕಣ್ಣು ಕೆಂಪಗಿದ್ದವು, ಬಾಯಿ ನಾರುತ್ತಿತ್ತು.

"ಲೇ, ಲೇ! ಆ ನೀರು ಪುದೀನಕ್ಕ ಬಿಡಬ್ಯಾಡ್ರಿ! ಹೆಣದ ನೀರು ಹರದ ಪುದೀನ ಯಾವನು ತಿಂತಾನ? ಮೂರು ದಿನ ಕಳದ್ರ ನಾ ಅಂಗಡಿ ತೆಗೀಬೇಕು!"

ಗೀತಾಂಜಲಿ ತಂಬಿಗೆ ಕೆಳಗಿಟ್ಟಳು. ತುಂಬಿದ ಬಕೀಟನ್ನೇ ಎತ್ತಿ ಅವ್ವನ ಮೈಮೇಲೆ ಸುರಿದಳು. ನೀರು ನುಗ್ಗಿ ಮಡಿಯ ಕಡೆಯ ಬೇರಿನ ತನಕ ಹೋಯಿತು.

*

ಪಕ್ಕೀರಮ್ಮ ಆ ಪುದೀನವನ್ನು ಕಸದಿಂದ ಹುಟ್ಟಿಸಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಸಂತೆಯಿಂದ ತಂದ ಒಂದು ಕಟ್ಟಿನ ಎಲೆ ಬಿಡಿಸಿ ಚಟ್ನಿಗೆ ಹಾಕಿ, ಉಳಿದ ದಂಟನ್ನು ಬಚ್ಚಲ ಹಿಂದಿನ ಕೆಸರಿಗೆ ಚುಚ್ಚಿದ್ದಳಷ್ಟೆ. ನುಗ್ಗೆ ಮರದ ಅರೆನೆರಳು ಅದಕ್ಕೆ ಒಗ್ಗಿತು. ಕಾಲುವೆಯ ಬಾಯಿಗೆ ಅವಳು ಒಂದು ಇಟ್ಟಿಗೆ ಇಟ್ಟುಕೊಂಡಿದ್ದಳು. ಸೋಪು ಹಚ್ಚಿಕೊಂಡವರ ನೀರು ಬೀದಿ ಚರಂಡಿಗೆ, ಅಕ್ಕಿ ತೊಳೆದ ನೀರು, ಬರೀ ಮೈಯ ನೀರು ಪುದೀನಕ್ಕೆ. ಸೋಸಿದ ಚಹಾಪುಡಿಯೂ ಅದಕ್ಕೇ. ಅಣ್ಣ ಜಂಬಯ್ಯ ಮಾಗಳದಿಂದ ಬಂದಾಗಲೆಲ್ಲ ಒಂದು ಚೀಲ ಕುರಿ ಹಿಕ್ಕೆ ತರುತ್ತಿದ್ದ. "ಬ್ಯಾರೆಯವರು ತಂಗಿಗೆ ಬಂಗಾರ ಒಯ್ತಾರ, ನಾನು ಹಿಕ್ಕಿ ತಂದೀನಿ," ಎಂದು ನಗುತ್ತಿದ್ದ.

ಕೊಯ್ಯುವುದಕ್ಕೂ ಅವಳದೇ ರೀತಿ. ಕತ್ತರಿಯಿಂದ, ಕೆಳಗೆ ಎರಡು ಗೆಣ್ಣು ಬಿಟ್ಟು. "ಜಗ್ಗಬ್ಯಾಡ್ರೇ, ಬೇರು ಬಂದ್ರ ಮುಗೀತು," ಎಂದು ಗದರುತ್ತಿದ್ದಳು. ಹೂ ಬಿಡುವ ಸುಳಿವು ಕಂಡರೆ ತುದಿ ಚಿವುಟುತ್ತಿದ್ದಳು. ಗೀತಾಂಜಲಿಯ ಡಬ್ಬಿಗೆ ಪುದೀನ ಅನ್ನ, ಬೇಸಿಗೆಗೆ ಜೀರಿಗೆ ಜಜ್ಜಿ ಹಾಕಿದ ಪುದೀನ ಮಜ್ಜಿಗೆ, ನೆಗಡಿಗೆ ಚಹಾ. ಹೆಚ್ಚಾದ ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ ಕಲಸುತ್ತಿದ್ದಳು.

ಬಸ್‌ಸ್ಟ್ಯಾಂಡಿನ ಹತ್ತಿರದ ಪಾಲಯ್ಯನ ಮಿರ್ಚಿ ಮಂಡಕ್ಕಿ ಅಂಗಡಿ ನಿಂತದ್ದೇ ಅವಳ ಚಟ್ನಿಯ ಮೇಲೆ. ಎಲೆಯನ್ನು ಒಂದು ಹನಿ ಎಣ್ಣೆಯಲ್ಲಿ ಬಾಡಿಸಿ ತಟ್ಟನೆ ಇಳಿಸಬೇಕು, ತಡ ಮಾಡಿದರೆ ಕಪ್ಪಾಗುತ್ತದೆ. ಹಸಿಮೆಣಸು, ಪುಟಾಣಿ ಕಡಲೆ, ಚೂರು ಹುಣಸೆ, ಉಪ್ಪು. ಮೊದಲು ನೀರು ಹಾಕದೆ ರುಬ್ಬಬೇಕು. "ನಮ್ಮವ್ವನ ಕೈಯ ರುಚಿರಿ ಇದು," ಎಂದು ಪಾಲಯ್ಯ ಗಿರಾಕಿಗಳಿಗೆ ಹೇಳುತ್ತಿದ್ದ. ಅವನ ಅವ್ವ ಪುದೀನದ ವಾಸನೆ ಬಂದರೆ ಮೂಗು ಮುಚ್ಚುತ್ತಿದ್ದವಳು.

ಒಮ್ಮೆ ಲಾರಿಯವನೊಬ್ಬ, "ಚಟ್ನಿ ಮಾಡಿದ ಕೈಗೆ ಬಳಿ ತೊಡಸಬೇಕು ನೋಡ್ರಿ," ಅಂದಿದ್ದ. ಅವತ್ತು ಪಾಲಯ್ಯ ಅಂಗಡಿ ಬೇಗ ಮುಚ್ಚಿ ಬಂದು ಆ ಕೈಯನ್ನು ಹೊಸ್ತಿಲ ಮೇಲಿಟ್ಟು ತುಳಿದ. ಬಳೆ ಚೂರು ಆರಿಸಿ ತೆಗೆದವಳು ಪಕ್ಕದ ಮನೆಯ ಮಂಜಮ್ಮ. ಆರಿಸಿ, ಎದ್ದು ಹೋಗುವಾಗ, "ಹಂಗ ನಾಲ್ಕು ಎಲಿ ಹರಕೊಂಡು ಹೋಗ್ಲೇನವ್ವ ಪಕ್ಕೀರಿ, ಮನಿಯಾಗ ಪಲಾವ್ ಐತಿ," ಅಂದಿದ್ದಳು.

*

ಅಂಗಳದಲ್ಲಿ ಶಾಮಿಯಾನದ ಕೆಳಗೆ ಗಂಡಸರು ಕೂತಿದ್ದರು. ಹೆಣದ ದಾರಿಗೆ ಎರಚಲು ಒಂದು ಚೀಲ ಮಂಡಕ್ಕಿ ಬಂದಿತ್ತು.

"ಅಂಗಡಿ ಮಂಡಕ್ಕಿನ ತಂದಾರಲೇ. ಒಗ್ಗರಣಿ ಒಂದು ಹಾಕಿಲ್ಲ," ಅಂದನೊಬ್ಬ.

"ಮೆಲ್ಲಕ ಮಾತಾಡು, ಮೂಳ. ಇನ್ನ ಚಟ್ನಿ ಯಾರು ಮಾಡ್ತಾರಂತೀನಿ?"

"ಮಗಳು ಅದಾಳಲ್ಲ."

"ಮಗಳು ಕೊಟ್ಟ ಮನಿಗೆ ಹೋಗಾಕಿ. ಪಾಲಯ್ಯ ಇನ್ನೊಂದು ಮಾಡಿಕ್ಯಂತಾನ ತಗಾ. ಚಟ್ನಿಗೆ ಬೇಕಾಗತೈತಿ."

ಓಣಿಯ ಹಿರಿಯ ಉಜ್ಜಿನಪ್ಪ ಕೆಮ್ಮಿದ. ನಗು ನಿಂತಿತು. ಆಟೋದಿಂದ ಜಂಬಯ್ಯ ಇಳಿಯುತ್ತಿದ್ದ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಹಸಿರು ಸೀರೆಯ ಕಟ್ಟು.

ಅವನು ಅಳಲಿಲ್ಲ. ಕಟ್ಟೆಯ ಮೇಲೆ ಕೂರಿಸಿದ್ದ ತಂಗಿಯ ಮುಖ ನೋಡಿದ. ತಲೆಯ ಒದ್ದೆ ಕೂದಲು ನೋಡಿದ. ಉಡಿಸಿದ್ದ ಬೇರೆ ಸೀರೆ ನೋಡಿದ.

"ಮೈ ತೊಳಸೀರಾ?"

"ಹೊತ್ತಾತಪ್ಪ, ಬಿಸಲು," ಅಂದಳು ಮರುಳಸಿದ್ದಮ್ಮ. "ಬಚ್ಚಲದಾಗ ಜಾರಿ ಬಿದ್ದ ಹೆಣ, ಬಾಳ ಹೊತ್ತು ಇಡಬಾರದು. ನಿನ್ನ ಸೀರಿ ಮ್ಯಾಲೆ ಹೊದಸ್ತೀವಿ ಕೊಡು."

"ಎಲ್ಲಿ ತೊಳಿಸಿದ್ರಿ? ಅಂಗಳ ಒಣಗೈತಿ."

ಜಂಬಯ್ಯ ಕಾಲು ತೊಳೆಯುವ ನೆಪ ಹೇಳಿ ಹಿತ್ತಲಿಗೆ ನಡೆದ. ಗೀತಾಂಜಲಿ ಗೋಡೆ ಹಿಡಿದು ಹಿಂದೆಯೇ ಹೋದಳು.

ಪಾಲಯ್ಯ ಸಲಿಕೆ ಹಿಡಿದು ಪುದೀನದ ಮಡಿಯ ನೀರನ್ನು ಬದಿಗೆ ಎಳೆಯುತ್ತಿದ್ದ. ನೆಲವೆಲ್ಲ ಹಳದಿ. ಬಗ್ಗಡದಲ್ಲಿ ಅರಿಶಿನ ಕೆನೆಗಟ್ಟಿತ್ತು. ಹೆಣದ ಹಣೆಗೆ, ಕೆನ್ನೆಗೆ, ಕೈಕಾಲಿಗೆ ಒಂದು ಹಿಡಿ ಭಂಡಾರ ಸಾಕು. ಇಲ್ಲಿ ಚೀಲವೇ ಹರಿದಿತ್ತು.

"ಹೆಂಡ್ತಿ ಹೆಣ ಅಂಗಳದಾಗ ಐತಿ," ಅಂದ ಜಂಬಯ್ಯ. "ನೀ ಇಲ್ಲಿ ಏನ್ ಮಾಡಾಕತ್ತೀದಿ?"

"ಬೇರು ಕೊಳಿತೈತಿ, ಮಾವ. ಅದಕ್ಕ..."

"ಇಷ್ಟು ಭಂಡಾರ ಯಾಕ ಬೇಕಾತು?"

ಪಾಲಯ್ಯ ಸಲಿಕೆಯ ಮೇಲಿನಿಂದ ಮಗಳ ಕಡೆ ನೋಡಿದ. ಆ ನೋಟದ ಅರ್ಥ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೂ ಬಾಯಿ ತೆರೆಯಿತು.

"ಮಾವ, ಎಡಪಕ್ಕಿ ನೋಡು."

*

ಹಿಂದಿನ ದಿನ ಮಡಿಯಲ್ಲಿ ಕೊಯ್ಯಲು ಎಲೆಯಿರಲಿಲ್ಲ. ಎಲೆಯ ಅಡಿಗೆ ತುಕ್ಕಿನಂಥ ಚುಕ್ಕೆ ಬಿದ್ದಿತ್ತೆಂದು ಪಕ್ಕೀರಮ್ಮ ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಿ ಸುಟ್ಟಿದ್ದಳು. ಹೊಸ ಚಿಗುರು ಆಗತಾನೆ ಬರುತ್ತಿತ್ತು. "ಎರಡು ವಾರ ತಡಿ," ಎಂದಿದ್ದಳು. ಪಾಲಯ್ಯ ಒಂದು ವಾರ ಮಾರ್ಕೆಟ್ಟಿನ ಪುದೀನ ತಂದ. ಚಟ್ನಿ ಮೊದಲಿನಂತಿಲ್ಲವೆಂದು ಗಿರಾಕಿ ತಟ್ಟೆ ಸರಿಸಿದ. ಅವನು ಅಂಗಡಿಯಿಂದ ಮಿರ್ಚಿ ಎತ್ತುವ ಕಬ್ಬಿಣದ ತೂತಿನ ಸೌಟು ಹಿಡಿದುಕೊಂಡೇ ಬಂದು ಚಿಗುರನ್ನು ಬೇರು ಸಮೇತ ಹಿಡಿಹಿಡಿಯಾಗಿ ಕೀಳತೊಡಗಿದ.

ಪಕ್ಕೀರಮ್ಮ ಅವನ ಮಣಿಕಟ್ಟು ಹಿಡಿದಳು.

ಇಷ್ಟು ವರ್ಷದಲ್ಲಿ ಅವಳು ಅವನ ಕೈ ಹಿಡಿದು ತಡೆದದ್ದು ಅದೊಂದೇ ಸಲ. ಅನ್ನ ಚೆಲ್ಲಿದಾಗ ತಡೆದಿರಲಿಲ್ಲ, ಕೂದಲು ಹಿಡಿದು ಎಳೆದಾಗ ತಡೆದಿರಲಿಲ್ಲ. "ಬೇರು ಬಿಡು," ಅಂದಳು. "ಎಲಿ ಹರಕೋ, ಬೇರು ಬಿಡು."

ಪಾಲಯ್ಯ ತನ್ನ ಮಣಿಕಟ್ಟನ್ನೇ ನೋಡಿದ. ಆಮೇಲೆ ಸೌಟಿನಿಂದ ಬಡಿದ. ಬಿದ್ದ ಮೇಲೆ ಒದ್ದ. ಅದೇ ಪಕ್ಕೆಗೆ, ಮತ್ತೆ ಅದೇ ಪಕ್ಕೆಗೆ. ಗೀತಾಂಜಲಿ ಅಡ್ಡ ಬಂದಾಗ ಅವಳನ್ನು ನುಗ್ಗೆ ಮರಕ್ಕೆ ತಳ್ಳಿದ. ಗೋಡೆಯಾಚೆ ಮಂಜಮ್ಮನ ಮನೆಯ ಟಿವಿ ಜೋರಾಯಿತು.

ಅವನು ಹೋದ ಮೇಲೆ ಪಕ್ಕೀರಮ್ಮ ತೆವಳುತ್ತ ಹೋಗಿ ಕಿತ್ತ ಬೇರುಗಳನ್ನು ಮಣ್ಣಿಗೆ ಒತ್ತಿದಳು. ಸಂಜೆಗೆ ಹೊಟ್ಟೆ ಕಲ್ಲಾಯಿತು. "ನಾಲ್ಕು ಒಣ ಎಲಿ ಜೀರಿಗಿ ಹಾಕಿ ಕುದಿಸಿ ಕೊಡು, ಹಗೂರಾಗತೈತಿ," ಎಂದು ಮಗಳಿಗೆ ಹೇಳಿದಳು. ಕುಡಿದದ್ದು ನಿಲ್ಲಲಿಲ್ಲ. ವಾಂತಿಯಲ್ಲಿ ರಕ್ತವಿತ್ತು. ಗೀತಾಂಜಲಿ ಆಟೋ ಕರೆಯಲು ಹೊರಟರೆ ಪಾಲಯ್ಯ ಬಾಗಿಲಿಗೆ ಅಡ್ಡ ಮಂಚ ಎಳೆದು ಮಲಗಿದ. "ಗ್ಯಾಸ್ ಆಗೈತಿ. ಆಸ್ಪತ್ರಿಗೆ ಒಯ್ದು ನನ್ನ ಮಾನ ಹರಾಜು ಹಾಕ್ತೀಯೇನು?"

ಬೆಳಗಾಗುವಾಗ ಅವ್ವನ ಕೈ ತಣ್ಣಗಿತ್ತು. ಉಗುರುಗಳಲ್ಲಿ ಮಣ್ಣಿತ್ತು.

*

ಅಣ್ಣನಾದವನು ತಂಗಿಯ ಮೈ ನೋಡುವಂತಿಲ್ಲ. ಜಂಬಯ್ಯ ಅಂಗಳಕ್ಕೆ ಬಂದು ಮರುಳಸಿದ್ದಮ್ಮನ ಮುಂದೆ ನಿಂತ.

"ಅಕ್ಕಾ, ಮೈಲಾರಲಿಂಗನ ಆಣಿ ಮಾಡಿ ಹೇಳು. ಏನೂ ಇಲ್ಲಂತ ಹೇಳು, ಈಗ ಎತ್ತಿಸ್ತೀನಿ."

ಮರುಳಸಿದ್ದಮ್ಮನ ಕೈ ಇನ್ನೂ ಹಳದಿಯಾಗಿಯೇ ಇತ್ತು. ಅದನ್ನು ಸೆರಗಿಗೆ ಒರೆಸಿಕೊಂಡಳು. ಆಣೆ ಹಾಕಲಿಲ್ಲ.

ಗೀತಾಂಜಲಿ ಸೆರಗು ಒದ್ದೆ ಮಾಡಿಕೊಂಡು ಅವ್ವನ ಪಕ್ಕೆಯ ಬಟ್ಟೆ ಒಂದು ಗೇಣು ಸರಿಸಿ ಒರೆಸಿದಳು. ದುಂಡನೆಯ ಕಪ್ಪು ಗುರುತು, ಅದರ ತುಂಬ ಸಾಲುಸಾಲು ಚುಕ್ಕೆ. ಅಲ್ಲಿದ್ದವರೆಲ್ಲ ಪಾಲಯ್ಯನ ಅಂಗಡಿಯಲ್ಲಿ ಮಿರ್ಚಿ ತಿಂದವರು. ಅದು ಯಾವ ಸೌಟೆಂದು ಯಾರೂ ಕೇಳಬೇಕಾಗಿರಲಿಲ್ಲ.

ಜಂಬಯ್ಯ ಕಂಬಳಿ ಕೆಳಗಿಟ್ಟ. ಹಿತ್ತಲಿನಿಂದ ಬರುತ್ತಿದ್ದ ಪಾಲಯ್ಯನನ್ನು ಬಾಗಿಲಲ್ಲೇ ಹಿಡಿದು ತಲೆಯನ್ನು ಚೌಕಟ್ಟಿಗೆ ಅಪ್ಪಳಿಸಿದ. ಕುರಿ ಕಾಲು ಮುರಿದುಕೊಂಡರೆ ಮಡಿಲಲ್ಲಿ ಹಾಕಿಕೊಂಡು ಕೂರುವ ಕೈ ಅದು. ಮತ್ತೆ ಅಪ್ಪಳಿಸಿದ. ಪಾಲಯ್ಯನ ಹುಬ್ಬು ಒಡೆದು ರಕ್ತ ಬಾಯಿಗಿಳಿಯಿತು. ಮಂಡಕ್ಕಿ ಚೀಲ ಕಾಲಿಗೆ ಸಿಕ್ಕಿ ಚೆಲ್ಲಿತು. ಆರು ಮಂದಿ ಹಿಡಿದು ಬಿಡಿಸಿದರು.

"ಪೊಲೀಸರನ್ನ ಕರೀರಿ!" ಎಂದು ಜಂಬಯ್ಯ ಏದುಸಿರಿನಲ್ಲಿ ಕೂಗಿದ.

ಉಜ್ಜಿನಪ್ಪ ಅವನ ಭುಜ ಹಿಡಿದು ಕೂರಿಸಿದ. "ಜಂಬಯ್ಯ, ಸಿಟ್ಟು ಖರೇ ಐತಿ ನಿಂದು. ಆದ್ರ ಪೊಲೀಸರು ಬಂದ್ರ ಹೆಣ ಕೊಯ್ಯಾಕ ಒಯ್ತಾರ. ನಿನ್ನ ತಂಗಿ ಹೊಟ್ಟಿ ಸೀಳಿ, ತಲಿ ಒಡದು, ಗೋಣಿಚೀಲ ಹೊಲದಂಗ ಹೊಲದು ಕೊಡ್ತಾರ. ಅದು ಬೇಕಾ ಆಕಿಗೆ? ಈಗ ಮಣ್ಣು ಮಾಡೋಣು. ನಾಳಿ ಓಣಿಯವರೆಲ್ಲ ಕೂತು ಇವನಿಗೆ ಬುದ್ಧಿ ಹೇಳ್ತೀವಿ."

ಜಂಬಯ್ಯನ ಮುಖ ಕುಸಿಯಿತು. ಹಸಿರು ಸೀರೆಯನ್ನು ಎದೆಗೊತ್ತಿಕೊಂಡು ಮೊದಲ ಸಲ ಅತ್ತ. "ಕೊಯ್ಸಬ್ಯಾಡ್ರಿ," ಅಂದ. "ನನ್ನ ತಂಗೀನ ಕೊಯ್ಸಬ್ಯಾಡ್ರಿ."

"ನೋಡು ಮತ್ತ," ಅಂದಳು ಮಂಜಮ್ಮ. "ಪುಣ್ಯಾತಗಿತ್ತಿ, ಮುತ್ತೈದಿಯಾಗಿ ಹೋಗ್ಯಾಳ. ಅಷ್ಟ ಸಾಕು."

ಚಟ್ಟದ ಕಡೆ ನಾಲ್ವರು ಎದ್ದರು.

"ಮುಟ್ಟಬ್ಯಾಡ್ರಿ!" ಗೀತಾಂಜಲಿಯ ಧ್ವನಿಗೆ ಅವರು ನಿಂತರು. "ಮಂಜಕ್ಕ, ಅವ್ವ ನಿನ್ನೆ ನಿನ್ನ ಹೆಸರು ಹಿಡದು ಕೂಗಿದ್ಲು. ನೀ ಟಿವಿ ಜೋರು ಮಾಡಿದಿ. ರಾತ್ರಿ ಗ್ವಾಡಿ ಆಚೆ ಕೇಳಿಸ್ಕಂತಿದ್ರಿ, ಮುಂಜಾನೆ ಎದ್ದು ನಾಲ್ಕು ಎಲಿ ಕೊಡು ಪಕ್ಕೀರಿ ಅಂತ ಬರ್ತಿದ್ರಿ. ಓಣಿಯಾಗ ಯಾರ ಮನಿಗೆ ಹೋಗಿಲ್ಲ ಅವ್ವನ ಪುದೀನ? ಹೇಳ್ರಿ ನೋಡೋಣು."

"ಹುಡುಗಿ, ಹೆಣದ ಮುಂದ..." ಎಂದ ಉಜ್ಜಿನಪ್ಪ.

"ಹೆಣದ ಮುಂದನ ಹೇಳಾಕತ್ತೀನಿ, ಅಜ್ಜ. ನೀವೂ ಹಲ್ಲುನೋವಿಗೆ ಒಯ್ದೀರಿ." ಅವಳು ಮಾವನ ಕಡೆ ತಿರುಗಿದಳು. "ಕೊಯ್ಯಲಿ, ಮಾವ. ಅವ್ವಗ ಇನ್ನ ನೋಯೋದಿಲ್ಲ. ನೋಯೋವಾಗ ಯಾರೂ ಬ್ಯಾಡ ಅನ್ನಲಿಲ್ಲ. ಒಳಗೇನು ಮುರದೈತಿ ಅಂತ ಒಬ್ಬರಾದ್ರೂ ತೆಗದು ನೋಡ್ಲಿ. ಫೋನ್ ಕೊಡು."

ಜಂಬಯ್ಯ ಸೀರೆಯನ್ನು ತಂಗಿಯ ಮಡಿಲಲ್ಲಿಟ್ಟ. ಆಮೇಲೆ ಜೇಬಿಗೆ ಕೈ ಹಾಕಿದ.

ಜೀಪು ಬರುವಷ್ಟರಲ್ಲಿ ಶಾಮಿಯಾನ ಅರ್ಧ ಖಾಲಿಯಾಗಿತ್ತು. ಯಾರಿಗೋ ಹೊಲಕ್ಕೆ ನೀರು ಬಿಡುವುದಿತ್ತು, ಯಾರಿಗೋ ಬಸ್ಸು. ಪೊಲೀಸರು ಕೇಳಿದ್ದನ್ನೆಲ್ಲ ಗೀತಾಂಜಲಿ ಹೇಳಿದಳು. ಸೌಟು ಎಲ್ಲಿದೆಯೆಂದೂ ಹೇಳಿದಳು. ಹೆಣವನ್ನು ಆಸ್ಪತ್ರೆಯ ವ್ಯಾನಿಗೆ ಏರಿಸುವಾಗ ಹೆಗಲು ಕೊಡಲು ಜಂಬಯ್ಯ ಒಬ್ಬನೇ ಇದ್ದ. ಉಳಿದ ಮೂರು ಮೂಲೆಗೆ ಡ್ರೈವರೂ ಇಬ್ಬರು ಪೇದೆಗಳೂ ಬಂದರು.

ಅವಳು ಅವ್ವನ ತಲೆಯ ಹತ್ತಿರ ಹತ್ತಿ ಕೂತಳು, ಜಂಬಯ್ಯ ಕಾಲಿನ ಹತ್ತಿರ. ಕಾವಲಿಗಿದ್ದ ಪೇದೆ ಮುಖ ತಿರುಗಿಸಿದ್ದೇ ತಡ ಪಾಲಯ್ಯ ಓಡಿಬಂದು ವ್ಯಾನಿನ ಬಾಗಿಲಂಚು ಹಿಡಿದ. ರಕ್ತ ಗಲ್ಲದ ಮೇಲೆ ಒಣಗಿತ್ತು.

"ಗೀತಾ, ನಮ್ಮವ್ವ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ಮಾತು ಹೇಳು ಸಾಕು. ನಾನು ನೋಡಿಲ್ಲ ಅನ್ನು. ನಿನಗ ಅಂತ ಇನ್ನ ಯಾರದಾರ? ನಾನ ಅಲ್ಲೇನು?"

ಅವಳು ಅವನ ಮುಖ ನೋಡಲಿಲ್ಲ. ಬಾಗಿಲಂಚಿನ ಮೇಲಿದ್ದ ನಾಲ್ಕು ಬೆರಳನ್ನು ನೋಡಿದಳು. ಎರಡೂ ಕೈಯಿಂದ ಹಿಡಿಕೆ ಹಿಡಿದು, ಮೈಯ ಭಾರವೆಲ್ಲ ಹಾಕಿ ಬಾಗಿಲನ್ನು ಎಳೆದಳು.

ಪಾಲಯ್ಯ ಕಿರುಚಿದ್ದು ಓಣಿಗೆಲ್ಲ ಕೇಳಿತು. ಯಾವ ಮನೆಯ ಬಾಗಿಲೂ ತೆರೆಯಲಿಲ್ಲ. ಪೇದೆಗಳು ಓಡಿಬಂದು ಹೊರಗಿನಿಂದ ಜಗ್ಗಿ ಅವನ ಕೈ ಬಿಡಿಸಿದರು, ಬಾಗಿಲು ಮತ್ತೆ ಬಡಿದು ಮುಚ್ಚಿತು.

ಆಸ್ಪತ್ರೆಯ ಹಿಂದೆ ವ್ಯಾನು ನಿಂತಾಗ ಡ್ರೈವರ್ ಹೊರಗಿನಿಂದ ಎಷ್ಟು ಎಳೆದರೂ ಬಾಗಿಲು ಬರಲಿಲ್ಲ. ಒಳಗೆ ಗೀತಾಂಜಲಿ ಹಿಡಿಕೆಯನ್ನು ಇನ್ನೂ ಎಳೆದು ಹಿಡಿದೇ ಕೂತಿದ್ದಳು. "ಬಂತವ್ವ, ಬಿಡು," ಅಂದ ಜಂಬಯ್ಯ. ಅವಳು ಬಿಡಲು ನೋಡಿದಳು, ಕೈ ಬಿಡಲಿಲ್ಲ. ಅವನು ಅವಳ ಪಕ್ಕಕ್ಕೆ ಸರಿದು ಕೂತು, ಬೆಳ್ಳಗಾಗಿದ್ದ ಅವಳ ಬೆರಳುಗಳನ್ನು ಹಿಡಿಕೆಯಿಂದ ಒಂದೊಂದಾಗಿ ಬಿಡಿಸತೊಡಗಿದ.